ಕಮಲಾಳ ಸರಾಸರಿ

ಹೊಸದಾಗಿ ಮಾಸ್ತರಿಕೆಗೆ ಸೇರಿದವರು ಯಾರಾದರೂ ಮನೆಗೆ ಬಂದರೆ ಒಂದು ಪ್ರಶ್ನೆ ತಪ್ಪುವುದಿಲ್ಲ. ಶಾಲೆಯ ಸರಾವು ಪರೀಕ್ಷೆಯಲ್ಲಿ ಐವತ್ತೈದು ಪಡೆದ ಹುಡುಗನಿಗೆ ಬೋರ್ಡಿನ ಪರೀಕ್ಷೆಯಲ್ಲಿ ಎಷ್ಟು ಬೀಳುತ್ತದೆ? ನಾನು ಗೊತ್ತಿಲ್ಲ ಎನ್ನುತ್ತೇನೆ. ಅವರ ಮುಖ ಸಣ್ಣದಾಗುತ್ತದೆ. ಇಷ್ಟು ವರ್ಷ ಗಣಿತ ಕಲಿಸಿದವನು, ಪುಣೆಯಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವನು, ಇಷ್ಟಾದರೂ ಹೇಳಬಾರದೇ ಎಂದು.

ನಮ್ಮ ಕಾಲದಲ್ಲಿ ಹನ್ನೊಂದನೇ ಇಯತ್ತೆಯ, ಎಂದರೆ ತರಗತಿಯ, ಕೊನೆಗೆ ಬರುವ ಬೋರ್ಡಿನ ಪರೀಕ್ಷೆಯೇ ಕಾಲೇಜಿನ ಬಾಗಿಲು. ಅದಕ್ಕೆ ಮೊದಲು ಶಾಲೆಯಲ್ಲಿ ನಡೆಯುತ್ತಿದ್ದ ಅಭ್ಯಾಸದ ಪರೀಕ್ಷೆಗಳಿಗೆ ಮರಾಠಿಯಲ್ಲಿ ಸರಾವು ಎನ್ನುತ್ತಿದ್ದರು. ನನ್ನ ಕೆಲಸದಲ್ಲಿ ಮೂರು ಭಾಗ: ಆ ಪ್ರಶ್ನೆಪತ್ರಿಕೆ ತೆಗೆಯುವುದು, ಉತ್ತರ ತಿದ್ದುವುದು, ಬಂದ ಅಂಕಗಳ ಅರ್ಥವನ್ನು ಮನೆಯವರಿಗೆ ಹೇಳುವುದು. ಮೊದಲಿನ ಎರಡನ್ನು ಯಾರಾದರೂ ಕಲಿಯಬಹುದು. ಮೂರನೆಯದನ್ನು ನಾನು ಕಲಿತೆನೆಂದು ಇವತ್ತಿಗೂ ಹೇಳಲಾರೆ.

ಇಲ್ಲಿ ಬರೆಯುತ್ತಿರುವುದೆಲ್ಲ ನೆನಪಿನಿಂದ. ಆಗಿನ ಕಾಗದ ಒಂದೂ ನನ್ನ ಬಳಿ ಇಲ್ಲ. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ಕಲಿತವನು ನಾನು; ಆ ಸಾಕ್ಷಿ ನಾನೇ ಆದಾಗ ನಿಯಮ ಸಡಿಲಾಗುವುದಿಲ್ಲ.

ಮೊದಲು ಗಡಹಿಂಗ್ಲಜದ ಮಾತು. ಐವತ್ತರ ದಶಕ ಮುಗಿಯುತ್ತಿತ್ತು. ಅಲ್ಲಿಯ ಹೆಡ್‌ಮಾಸ್ತರರು ವಯಸ್ಸಾದವರು, ಧೋತರ ಉಟ್ಟು ಕರಿಯ ಕೋಟು ಹಾಕುತ್ತಿದ್ದರು. ಸರಾವಿನ ಅಂಕಗಳಲ್ಲಿ ಪ್ರತಿಯೊಬ್ಬನಿಗೂ ಹತ್ತು ಕಡಿಮೆ ಮಾಡಿ ಪ್ರಕಟಿಸುವುದು ಅವರ ಪದ್ಧತಿ. "ಅಂಜಿದ ಹುಡುಗ ಓದತಾನ, ಖುಷಿ ಆದ ಹುಡುಗ ವಿಟ್ಟಿದಾಂಡು ಆಡತಾನ" ಎನ್ನುತ್ತಿದ್ದರು. ಮಾಸ್ತರರು ಹೆಡ್‌ಮಾಸ್ತರರಿಂದಲೇ ಕಲಿಯುವವರಲ್ಲವೇ? ಕಾಲಕ್ರಮದಲ್ಲಿ ಅವರೂ ತಮ್ಮ ತಮ್ಮ ವಿಷಯದಲ್ಲಿ ಯಾರಿಗೂ ಹೇಳದೆ ಹತ್ತು ಹತ್ತು ಕತ್ತರಿಸತೊಡಗಿದ್ದರು. ಒಬ್ಬ ಕತ್ತರಿಸಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಕೊನೆಗೆ ಹೆಡ್‌ಮಾಸ್ತರರ ಕತ್ತರಿ ಎಲ್ಲದರ ಮೇಲೆ ಮತ್ತೊಮ್ಮೆ ಓಡುತ್ತಿತ್ತು.

ನಾನು ಸೇರಿದ ವರ್ಷ ಈ ಎರಡು ಕತ್ತರಿಗಳ ನಡುವೆ ಸಿಕ್ಕಿ ಅರ್ಧಕ್ಕಿಂತ ಹೆಚ್ಚು ವರ್ಗ ನಾಪಾಸಾಯಿತು. ಮರುದಿನ ಮನೆಯವರು ಬಂದರು. ಅವರಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ದನಿ ಇನ್ನೂ ಕಿವಿಯಲ್ಲಿದೆ.

"ಏನ್ರಿ ಸರ್, ನಮ್ಮ ಹುಡುಗ ಇತಿಹಾಸದಾಗೂ ನಾಪಾಸ, ಭೂಗೋಲದಾಗೂ ನಾಪಾಸ. ತಾ ಯಾವ ಕಾಲದಾಗ ಅದಾನ, ಯಾವ ಊರಾಗ ಅದಾನ, ಅದರ ಗೊತ್ತೈತೋ ಇಲ್ಲೋ ಅಂವಗ?"

"ಗಾಬರಿ ಆಗಬ್ಯಾಡ್ರಿ ಸಾವಕಾರ್ರ, ಒಂದು ಹತ್ತು ಮಾರ್ಕು ನಾವ ಕಮ್ಮಿ ಮಾಡೇವಿ," ಎಂದರು ಹೆಡ್‌ಮಾಸ್ತರರು.

"ಯಾಕ್ರಿ?"

"ಹುಡುಗೂರ ಒಳ್ಳೇದಕ್ಕ."

"ತೂಕದಾಗ ನಾ ಇಷ್ಟು ಹೊಡದ್ರ ಪೊಲೀಸರು ಬರತಾರ್ರಿ. ಗಿರಾಕಿ ಒಳ್ಳೇದಕ್ಕ ಹೊಡದೇನಿ ಅಂತ ನಾ ಹೇಳಲೇನು?"

ನಾನು ಹೊಸಬ. ಪದ್ಧತಿಯನ್ನು ನನಗೆ ಯಾರೂ ಹೇಳಿರಲಿಲ್ಲವಾದ್ದರಿಂದ ನನ್ನ ವಿಷಯದಲ್ಲಿ ಒಂದೇ ಕತ್ತರಿ ಓಡಿತ್ತು. ಹಾಗಾಗಿ ಹುಡುಗರು ಎಲ್ಲದರಲ್ಲೂ ಬಿದ್ದು ಗಣಿತದಲ್ಲಿ ಮಾತ್ರ ಪಾಸಾಗಿದ್ದರು. ಗಡಹಿಂಗ್ಲಜದಲ್ಲಿ ಒಳ್ಳೆಯ ಗಣಿತದ ಮಾಸ್ತರನೆಂದು ನನಗೆ ಬಂದ ಹೆಸರಿನ ಮೂಲ ಇದು. ಆ ವರ್ಷ ಬೋರ್ಡಿನ ಫಲಿತಾಂಶ ಚೆನ್ನಾಗಿಯೇ ಬಂತು. ಅಂಜಿಸಿದ್ದರ ಫಲ ಎಂದರು ಹೆಡ್‌ಮಾಸ್ತರರು. ಅಂಜಿಸದೆ ಬಿಟ್ಟ ಇನ್ನೊಂದು ವರ್ಗ ಪಕ್ಕದಲ್ಲಿ ಇದ್ದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ನಾನು ಕಲಿತದ್ದು ಇಷ್ಟೇ: ಅಂಕ ನೋಡಿದ ಕೂಡಲೇ ಹುಡುಗನನ್ನು ನೋಡಬಾರದು, ಮೊದಲು ತಿದ್ದಿದವನನ್ನು ನೋಡಬೇಕು.

ಅರವತ್ತರ ದಶಕದ ಆರಂಭದಲ್ಲಿ ಇಚಲಕರಂಜಿಗೆ ಬಂದೆ. ಅಲ್ಲಿ ಪಾಠ ಹೇಳುವುದೆಂದರೆ ಮಗ್ಗಗಳ ಸದ್ದಿನ ಮೇಲೆ ದನಿ ಏರಿಸುವುದು. ಶಾಲೆ ಮರಾಠಿಯದು, ಆದರೆ ಹಿಂದಿನ ಬೆಂಚುಗಳಲ್ಲಿ ಕನ್ನಡವೇ ಹೆಚ್ಚು. ರಬಕವಿ, ತೇರದಾಳದ ಕಡೆಯಿಂದ ವಿದ್ಯುತ್ ಮಗ್ಗಗಳ ಕೆಲಸಕ್ಕೆಂದು ಬಂದವರ ಮಕ್ಕಳು. ನಾನು ಕನ್ನಡದವನೆಂದು ತಿಳಿದ ಮೇಲೆ ಅವರು ಮರಾಠಿಯಲ್ಲಿ ಪ್ರಶ್ನೆ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು.

ಇಲ್ಲಿ ಕತ್ತರಿ ಇರಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಸರಾವು ಪರೀಕ್ಷೆ. ಪತ್ರಿಕೆಗಳನ್ನು ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದೆವು, ಅದು ಆಗ ದೊಡ್ಡ ಸುಧಾರಣೆ. ಎಲ್ಲ ಶನಿವಾರಗಳ ಸರಾಸರಿಯೇ ಹೆಡ್‌ಮಾಸ್ತರರಿಗೆ ವೇದ. ಹಾತಕಣಂಗಲೆಯಿಂದ ದಿನವೂ ಬರುತ್ತಿದ್ದ ಮರಾಠಿ ಮನುಷ್ಯ ಅವರು, ಪೇಟೆಯಲ್ಲಿ ಕಲಿತ ಕನ್ನಡವನ್ನು ಸಂಕೋಚವಿಲ್ಲದೆ ಆಡುತ್ತಿದ್ದರು. ಕೊಲ್ಹಾಪುರದಲ್ಲಿ ಹುಡುಗಿಯರ ವಸತಿಗೃಹವೊಂದಿತ್ತು. ಸರಾವಿನಲ್ಲಿ ಸರಾಸರಿ ಅರವತ್ತು ದಾಟಿದ ಹುಡುಗಿಗೆ ಹೆಡ್‌ಮಾಸ್ತರರ ಶಿಫಾರಸು ಇದ್ದರೆ ಅಲ್ಲಿ ಜಾಗ. ಜಾಗ ಸಿಕ್ಕರೆ ಕಾಲೇಜು.

ಆ ವರ್ಷ ಕಮಲಾ ಎಂಬ ಹುಡುಗಿಗೆ ಈ ಅರವತ್ತು ಬೇಕಿತ್ತು. ಅವಳ ತಂದೆ ಬಸಪ್ಪ ಮಗ್ಗದ ಕೆಲಸಗಾರ. ವಸತಿಗೃಹದಲ್ಲಿ ಜಾಗ ಸಿಕ್ಕರೆ ಕಳಿಸುತ್ತೇನೆ, ಇಲ್ಲವಾದರೆ ದತ್ತವಾಡದಲ್ಲಿ ಅತ್ತೆಯ ಮಗ ಇದ್ದಾನೆ, ಕಬ್ಬಿನ ಹೊಲ ಇದೆ, ಬರುವ ವೈಶಾಖದಲ್ಲಿ ಅಕ್ಕಿಕಾಳು ಹಾಕಿ ಲಗ್ನ ಮಾಡಿಬಿಡುತ್ತೇನೆ ಎಂದು ಅವನು ಹೇಳಿದ್ದು ಇಡೀ ವರ್ಗಕ್ಕೆ ಗೊತ್ತಿತ್ತು. ಕಮಲಾಳೇ ಹೇಳಿದ್ದಳು, ಬೇರೆ ಯಾರದೋ ವಿಷಯ ಎಂಬಂತೆ.

ಅವಳ ಅಂಕಗಳು ವಿಚಿತ್ರವಾಗಿದ್ದವು. ಒಂದು ಶನಿವಾರ ಎಪ್ಪತ್ತರ ಮೇಲೆ, ಮುಂದಿನ ಶನಿವಾರ ನಲವತ್ತರ ಆಸುಪಾಸು, ಮತ್ತೆ ಎಪ್ಪತ್ತು. ಸರಾಸರಿ ಅರವತ್ತರ ಕೆಳಗೇ ಸುತ್ತುತ್ತಿತ್ತು.

"ನಕಲು," ಎಂದರು ವಿಜ್ಞಾನ ಕಲಿಸುತ್ತಿದ್ದ ಪಾಟೀಲ ಮಾಸ್ತರರು. "ಶ್ಯಾಣ್ಯಾ ಹುಡುಗಿ ಬಾಜೂಕ ಕುಂತಾಗ ಎಪ್ಪತ್ತು, ದಡ್ಡಿ ಬಾಜೂಕ ಕುಂತಾಗ ನಲವತ್ತು. ಇದಕ್ಕ ಪುಣೇಕ ಹೋಗಿ ಕಲೀಬೇಕೇನ್ರಿ?"

ನಾನು ಅವಳನ್ನು ಎರಡು ಶನಿವಾರ ಗೋಡೆಯ ಪಕ್ಕ ಒಬ್ಬಳನ್ನೇ ಕೂರಿಸಿದೆ. ಒಮ್ಮೆ ಎಪ್ಪತ್ತು, ಒಮ್ಮೆ ನಲವತ್ತು. ಗೋಡೆ ಶ್ಯಾಣ್ಯಾನೋ ದಡ್ಡನೋ ಎಂದು ಪಾಟೀಲರನ್ನು ಕೇಳಿದೆ. ಅವರು ನಕ್ಕು ಇನ್ನೊಂದು ಹೇಳಿದರು: ಹುಡುಗಿ ಒಂದು ಪರೀಕ್ಷೆಗೆ ಓದಿ ಮುಂದಿನದಕ್ಕೆ ಆರಾಮ ಮಾಡುತ್ತಾಳೆ. ದೀಪಾವಳಿಯ ರಜೆಯಲ್ಲಿ ಒಂದು ಶನಿವಾರ ಪರೀಕ್ಷೆ ತಪ್ಪಿತು. ರಜೆಗೆ ಮುಂಚಿನದರಲ್ಲಿ ಎಪ್ಪತ್ತು ಬಂದಿತ್ತು. ಪಾಟೀಲರ ಲೆಕ್ಕದಲ್ಲಿ ಈಗ ನಲವತ್ತು ಬರಬೇಕು. ಬಂದದ್ದು ಎಪ್ಪತ್ತು. ಅಂದರೆ ಏರಿಳಿತ ಪರೀಕ್ಷೆಗಳದ್ದಲ್ಲ, ವಾರಗಳದ್ದು. ಪತ್ರಿಕೆಗಳೇ ಒಂದು ವಾರ ಸುಲಭ, ಒಂದು ವಾರ ಕಷ್ಟವಿರಬಹುದೇ ಎಂದು ನೋಡಿದೆ. ಉಳಿದ ಹುಡುಗರು ಹೀಗೆ ಏರಿ ಇಳಿಯುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಯಾವ ವಿಧಾನದಿಂದಲೂ ಅಲ್ಲ. ಒಂದು ಸೋಮವಾರ ತಿದ್ದಿದ ಉತ್ತರಪತ್ರಿಕೆ ಹಂಚುತ್ತ ಕಮಲಾಳನ್ನು ಕೇಳಿದೆ:

"ಏನವಾ, ಈ ವಾರ ಮತ್ತ ಯಾಕ ಹಿಂಗ?"

"ಏನಿಲ್ರಿ ಸರ್."

ಹಿಂದಿನಿಂದ ಅವಳ ಗೆಳತಿ ಒಬ್ಬಳು, ಇಷ್ಟೂ ತಿಳಿಯದೇ ಎಂಬ ದನಿಯಲ್ಲಿ, "ಅವರಪ್ಪಂದು ಹಗಲ ಪಾಳಿ ಇತ್ತಲ್ರಿ ಸರ್," ಎಂದಳು.

ವರ್ಗ ನಕ್ಕಿತು. ಕಮಲಾಳೂ ನಕ್ಕಳು. ನಗದೆ ಇದ್ದವನು ನಾನೊಬ್ಬನೇ, ಏಕೆಂದರೆ ನನಗೆ ಅರ್ಥವಾಗಿರಲಿಲ್ಲ.

ಅರ್ಥ ಇಷ್ಟು. ಮಗ್ಗದವರಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಬಸಪ್ಪನದು ಚಾಳಿನ ಸಾಲಿನಲ್ಲಿ ಒಂದೇ ಖೋಲಿಯ ಮನೆ, ಒಂದೇ ಬಲ್ಬು. ರಾತ್ರಿ ಪಾಳಿಯ ವಾರ ಅವನು ಸಂಜೆ ಹೊರಟುಹೋದರೆ ಬಲ್ಬು ಮಗಳದು. ಹಗಲು ಪಾಳಿಯ ವಾರ ಅವನು ದುಡಿದು ಬಂದು ಉಂಡು ಮಲಗುತ್ತಾನೆ, ಬಲ್ಬು ಆರುತ್ತದೆ. ಕಮಲಾ ಗಟ್ಟಿಯಾಗಿ ಓದಿಯೇ ಕಲಿಯುವ ಹುಡುಗಿ. ಕತ್ತಲಲ್ಲಿ ಮನಸ್ಸಿನಲ್ಲೇ ಓದಿಕೊ ಎಂದರೆ ಅವಳಿಗೆ ಆಗದು. ಮಗ್ಗದ ಮನೆಗಳ ಮಕ್ಕಳಿಗೆಲ್ಲ ಇದು ಗೊತ್ತು. ಮಾಸ್ತರನಿಗೆ ಹೇಳುವಂಥ ಸಂಗತಿ ಎಂದು ಯಾರಿಗೂ ಅನಿಸಿರಲಿಲ್ಲ.

ನಾನು ಉತ್ಸಾಹದಿಂದ ಹೆಡ್‌ಮಾಸ್ತರರ ಬಳಿ ಹೋದೆ. ಇದು ಒಬ್ಬ ಹುಡುಗಿಯ ಸರಾಸರಿಯೇ ಅಲ್ಲ, ಬೆಳಕಿರುವ ಮನೆ ಮತ್ತು ಬೆಳಕಿಲ್ಲದ ಮನೆ ಎರಡನ್ನೂ ಕೂಡಿಸಿ ಭಾಗಿಸಿದ್ದು, ಅವಳ ನಿಜವಾದ ಯೋಗ್ಯತೆ ಎಪ್ಪತ್ತು ಎಂದು ವಾದಿಸಿದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು. "ಅಹೋ ಸರ್, ಬೋರ್ಡದವರು ಅವರಪ್ಪನ ಪಾಳಿ ನೋಡಿ ಪೇಪರ ಇಡತಾರೇನು?"

ಎಲೆಯ ಮೇಲೆ ಅಡಿಕೆ ಇಟ್ಟು ಮುಂದುವರಿಸಿದರು.

"ಬೋರ್ಡದ ಪರೀಕ್ಷಾ ಒಂದ ವಾರದಾಗ ಮುಗಿಯೂದಿಲ್ಲ. ಅರ್ಧಾ ಹಗಲ ಪಾಳ್ಯಾಗ ಬೀಳತೈತಿ, ಅರ್ಧಾ ರಾತ್ರಿ ಪಾಳ್ಯಾಗ. ಆಗ ಎಷ್ಟ ಬೀಳತಾವ ಹೇಳ್ರಿ? ನಿಮ್ಮದ ಶಾಸ್ತ್ರ, ನೀವ ಹೇಳ್ರಿ."

ಸರಾಸರಿಯಷ್ಟೇ ಬೀಳುತ್ತವೆ. ಒಪ್ಪಿಕೊಳ್ಳದೆ ದಾರಿ ಇರಲಿಲ್ಲ. ಅಂಕಗಳು ಹುಡುಗಿಯ ಬುದ್ಧಿಯ ಬಗ್ಗೆ ಸುಳ್ಳು ಹೇಳುತ್ತಿದ್ದವು. ಅವಳ ಮುಂದಿನ ಪರೀಕ್ಷೆಯ ಬಗ್ಗೆ ನಿಜ ಹೇಳುತ್ತಿದ್ದವು. ಈ ಎರಡು ಬೇರೆ ಬೇರೆ ಪ್ರಶ್ನೆಗಳು ಎಂಬುದನ್ನು ಪುಣೆಯಲ್ಲಿ ಕಲಿತಿದ್ದೆ, ಉತ್ತರ ಬರೆದು ಪಾಸೂ ಆಗಿದ್ದೆ. ಹೆಡ್‌ಮಾಸ್ತರರು ಎಲೆ ಬಾಯಿಗೆ ಹಾಕಿಕೊಂಡು ಹೇಳಿದರು: "ನಿಯಮ ಮ್ಹಣಜೆ ನಿಯಮ. ಅಂಕಿ ಬದಲಿ ಆಗಬೇಕಂದ್ರ ಮನಿ ಬದಲಿ ಆಗಬೇಕು. ಮನೀಗೆ ಹೋಗ್ರಿ, ನನ್ನ ಕಡೆ ಯಾಕ ಬಂದೀರಿ?"

ಮಗ್ಗಗಳಿಗೆ ರಜೆ ಇದ್ದ ದಿನ ಹೋದೆ. ಬಸಪ್ಪ ಹೊಸಿಲ ಮೇಲೆ ಕುಳಿತು ಗಡ್ಡ ಹೆರೆದುಕೊಳ್ಳುತ್ತಿದ್ದ. ಒಳಗೆ ಅವನ ಹೆಂಡತಿ ರಾಟೆಯ ಮುಂದೆ ಮಗ್ಗದ ಕಾಂಡಿ ಕೊಳವೆಗೆ ನೂಲು ಸುತ್ತುತ್ತಿದ್ದಳು. ಚಿಕ್ಕ ಮಕ್ಕಳಿಬ್ಬರು ಹೊರಗೆ ಆಡುತ್ತಿದ್ದರು. ಕಮಲಾ ನೀರಿಗೆ ಹೋಗಿದ್ದಳು, ಅಥವಾ ನನ್ನನ್ನು ಕಂಡು ಹೋದಳು. ನಾನು ಮಕ್ಕಳದೊಂದು ಸ್ಲೇಟು ಪಾಟಿ ಇಸಿದುಕೊಂಡು ಅದರ ಮೇಲೆ ಅವಳ ಅಂಕಗಳನ್ನು ಏರಿಳಿತದ ಗೆರೆಯಾಗಿ ಎಳೆದು ತೋರಿಸಿದೆನೆಂದು ನೆನಪು. ಮೇಲಿನ ಚುಕ್ಕೆಗಳು ರಾತ್ರಿ ಪಾಳಿಯವು, ಕೆಳಗಿನವು ಹಗಲು ಪಾಳಿಯವು ಎಂದು ವಿವರಿಸಿದೆ.

ಬಸಪ್ಪ ಅರ್ಧ ಹೆರೆದ ಮುಖದಲ್ಲಿ ಪಾಟಿಯನ್ನು ನೋಡಿದ. "ಅಂದ್ರ, ನನ್ನ ನಿದ್ದಿ ತಪ್ಪು ಅಂತೀರೇನ್ರಿ?"

"ತಪ್ಪು ಅನ್ನಲಿಲ್ಲ ಬಸಪ್ಪಾ. ಕಾರಣ ಅಂದೆ."

"ನಮ್ಮಂಥವರ ಮನ್ಯಾಗ ಎರಡೂ ಒಂದರೀ."

ಒಳಗಿನಿಂದ ಹೆಂಡತಿ ರಾಟೆ ನಿಲ್ಲಿಸದೆ ಹೇಳಿದಳು: "ಇವರ ಕಣ್ಣು ಮುಚ್ಚಿದ್ರ ಊರಿಗೂರ ದೀಪ ಆರಸಬೇಕ್ರಿ ಸರ್. ಮಗ್ಗ ಧಡಾಧಡಾ ಅನ್ನೂ ಮುಂದ ನಿಂತಲ್ಲೇ ತೂಕಡಸತಾರಂತ, ಮನ್ಯಾಗ ಹುಡುಗಿ ಒಂದ ಸಾಲ ಓದಿದ್ರ ಎಚ್ಚರ!"

"ಮಗ್ಗ ಒಂದ ಮಾತ ಹೇಳತೈತಿ, ದಿನಾ ಅದ. ಅದಕ್ಕ ನಿದ್ದಿ ಬರತೈತಿ," ಎಂದ ಬಸಪ್ಪ. "ಇಕಿ ಓದೂದು ದಿನಾ ಬ್ಯಾರೆ. ಕೇಳಬೇಕನಸತೈತಿ. ಕೇಳಕೋತ ಕುಂತ್ರ ಮುಂಜಾನೆ ಕೆಲಸಕ್ಕ ಯಾರು ಹೋಗಬೇಕ್ರಿ?"

ಹೇಳುವುದನ್ನು ಹೇಳಿ ಎದ್ದೆ. ಬಸಪ್ಪ ಉಳಿದ ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡ.

ಮುಂದಿನ ಶನಿವಾರ ನಲವತ್ತೇ ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅದರ ಮುಂದಿನದು ಎಪ್ಪತ್ತು. ಅದು ಹೇಗೂ ಬರಬೇಕಾದದ್ದೇ. ಅದರ ಮುಂದಿನದೂ ಎಪ್ಪತ್ತು ದಾಟಿದಾಗ ಉತ್ತರವನ್ನು ಎರಡನೆಯ ಸಲ ತಿದ್ದಿದೆ. ಕೇಳಿದರೆ ಕಮಲಾ, "ಅಪ್ಪ ಕಾಯಂ ರಾತ್ರಿ ಪಾಳಿ ತೊಗೊಂಡಾರ್ರಿ," ಎಂದಳು. ಸಂಕ್ರಾಂತಿಯ ಹೊತ್ತಿಗೆ ಅವಳ ಸರಾಸರಿ ಅರವತ್ತರ ಹೊಸಿಲಿಗೆ ಬಂದು ನಿಂತಿತ್ತು. ಕೊನೆಯ ಪರೀಕ್ಷೆಯಾದ ಮೇಲೆ ಹೆಡ್‌ಮಾಸ್ತರರು ಕೂಡಿಸಿ, ಭಾಗಿಸಿ, ಮತ್ತೊಮ್ಮೆ ಭಾಗಿಸಿ ನೋಡಿದರು. ದಾಟಿತ್ತು, ಸ್ವಲ್ಪದರಲ್ಲಿ. ಶಿಫಾರಸಿಗೆ ಸಹಿ ಹಾಕುತ್ತ, "ನಾ ನಿಯಮ ಮುರೀಲಿಲ್ಲ ನೋಡ್ರಿ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಬೋರ್ಡಿನಲ್ಲಿ ಕಮಲಾಳಿಗೆ ಎಪ್ಪತ್ತೇನೂ ಬರಲಿಲ್ಲ. ಅರವತ್ತರ ಮೇಲೆ ಎಷ್ಟೋ. ಆದರೆ ಅಷ್ಟರಲ್ಲಿ ವಸತಿಗೃಹದಲ್ಲಿ ಅವಳ ಟ್ರಂಕು ಹೋಗಿ ಕುಳಿತಿತ್ತು. ದತ್ತವಾಡದ ಹುಡುಗನಿಗೆ ಬೇರೆ ಕಡೆ ಲಗ್ನವಾಯಿತು.

ಅರವತ್ತರ ದಶಕದ ಮಧ್ಯದಲ್ಲಿ ನಾನೂ ಕೊಲ್ಹಾಪುರಕ್ಕೆ ಬಂದೆ, ಮಾಸ್ತರರಾಗಲಿರುವವರಿಗೆ ಕಲಿಸುವ ಕೆಲಸಕ್ಕೆ. ಆಗ ಪರೀಕ್ಷೆಯ ರೀತಿ ಬದಲಾಗುತ್ತಿತ್ತು. ಉದ್ದ ಪ್ರಬಂಧದ ಜಾಗದಲ್ಲಿ ಸಣ್ಣ ಸಣ್ಣ ಪ್ರಶ್ನೆಗಳು; ಪ್ರತಿಯೊಂದಕ್ಕೂ ಗುರಿ ಬರೆಯಬೇಕು, ಅಂಕಗಳ ಹರವು ತೋರಿಸಬೇಕು. ನಾನು ಹರವಿನ ಪಾಠಕ್ಕೆ ಕಮಲಾಳ ಅಂಕಗಳನ್ನು ಬಳಸತೊಡಗಿದೆ. ಕರಿಹಲಗೆಯ ಮೇಲೆ ಗೆರೆ ಎಳೆದು ಇದೇನಿರಬಹುದು ಎಂದು ಕೇಳುವುದು, ವಿದ್ಯಾರ್ಥಿಗಳು ನಕಲು ಎಂದೋ ಸೋಮಾರಿತನ ಎಂದೋ ಹೇಳುವುದು, ಕೊನೆಗೆ ನಾನು ಬಸಪ್ಪನ ಪಾಳಿಯನ್ನು ಹೊರತೆಗೆಯುವುದು. ವರ್ಷದಿಂದ ವರ್ಷಕ್ಕೆ ಪಾಠ ರಂಗೇರಿತು. ಗೆರೆಯೂ ವರ್ಷದಿಂದ ವರ್ಷಕ್ಕೆ ಗರಗಸದ ಹಲ್ಲಿನಷ್ಟು ಸಮವಾಗುತ್ತ ಬಂತು. ನಿಜವಾದ ಅಂಕಗಳು ಅಷ್ಟು ಸಮವಾಗಿದ್ದವೇ? ನನಗೆ ಅನುಮಾನ ಬರತೊಡಗಿತ್ತು.

ಒಂದು ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಕಮಲಾ ಸಿಕ್ಕಳು. ಡಿಗ್ರಿ ಮುಗಿಸಿ ಅಲ್ಲೇ ಒಂದು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಳು. ನನ್ನ ಪಾಠದ ವಿಷಯ ಹೇಳಿದೆ, ಅವಳಿಗೆ ಸಂತೋಷವಾದೀತು ಎಂದು.

"ಅಷ್ಟ ಬರೋಬರಿ ಎಲ್ಲಿತ್ರಿ ಸರ್?" ಎಂದು ನಕ್ಕಳು. "ಹಗಲ ಪಾಳಿ ಇದ್ದಾಗೂ ಒಮ್ಮೊಮ್ಮೆ ಛಲೋ ಬಿದ್ದಾವು. ನಡಬರಕ ನನಗ ಜ್ವರಾನೂ ಬಂದಿತ್ತು."

"ಆದರ ಕಮಲಾ, ನಿಮ್ಮಪ್ಪ ಕಾಯಂ ರಾತ್ರಿ ಪಾಳಿ ತೊಗೊಂಡ ಮ್ಯಾಲ..."

"ಅದು ನನ್ನ ಸಲುವಾಗಿ ಅಲ್ರಿ. ಅಪ್ಪಗ ರಾತ್ರಿ ಪಾಳೀನ ಸೇರತೈತಿ. ಸೆಖಿ ಕಮ್ಮಿ ಇರತೈತಿ, ಮಾಲಕನ ಕಿರಿಕಿರಿ ಇರೂದಿಲ್ಲ ಅಂತ ಅವರ ಹೇಳತಾರ. ಇನ್ನೂ ಅದನ್ನ ಮಾಡಾಕತ್ತಾರ ನೋಡ್ರಿ." ಬಸ್ಸು ಬಂತು. ನಮಸ್ಕಾರ ಮಾಡಿ ಹತ್ತಿದಳು.

ಮರುದಿನದಿಂದ ಆ ಪಾಠ ನಿಲ್ಲಿಸಿದೆ. ಅವಳಪ್ಪನ ವಿಷಯ ಅವಳಿಗಿಂತ ನನಗೆ ಹೆಚ್ಚು ಗೊತ್ತೆನ್ನಲು ಆಧಾರವೇನು? ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣವಲ್ಲವೆಂದು ಬೇರೆಯವರಿಗೆ ಬೋಧಿಸುವವನು ನಾನು. ನಾನು ಹೋದೆ, ಅವನು ಪಾಳಿ ಬದಲಿಸಿದ. ನಡುವೆ ಸೇತುವೆ ಕಟ್ಟಿದ್ದು ನನ್ನ ಅಭಿಮಾನವೇ ಇರಬಹುದು. ಪಾಟಿಯ ಮೇಲೆ ಗೆರೆ ಎಳೆದದ್ದಾದರೂ ನಿಜವೇ, ಅಥವಾ ಕೊಲ್ಹಾಪುರದ ಕರಿಹಲಗೆಯ ಮೇಲೆ ಎಳೆದೆಳೆದು ಹಿಂದಕ್ಕೆ ಹೋಗಿ ಅಂಟಿಸಿದೆನೇ?

ಆ ದಶಕ ಮುಗಿಯುವ ಮುನ್ನ ಪರೀಕ್ಷೆಯ ಮೇಲ್ವಿಚಾರಣೆಗೆಂದು ಇಚಲಕರಂಜಿಗೆ ಹೋಗುವ ಪ್ರಸಂಗ ಬಂತು. ಮಧ್ಯಾಹ್ನ ಬಿಡುವಿತ್ತು. ಚಾಳು ಅದೇ, ಖೋಲಿ ಅದೇ. ಬಾಗಿಲು ತಟ್ಟಿದಾಗ ಬಸಪ್ಪ ನಿದ್ದೆಯಿಂದ ಎದ್ದು ಬಂದ. ಹಗಲ ಬೆಳಕಿಗೆ ಕಣ್ಣು ಕಿರಿದು ಮಾಡಿ ಗುರುತು ಹಿಡಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ಬರ್ರಿ ಸರ್, ಬರ್ರಿ. ಹಿಂದ ಒಮ್ಮೆ ಬಂದಾವ್ರು ಚಾ ಒಲ್ಲೆ ಅಂದು ಹ್ವಾದ್ರಿ. ನಮ್ಮ ಮನ್ಯಾಕಿ ಇವತ್ತಿಗೂ ಅಂತಾಳ, ಮಾಸ್ತರಗ ಸಿಟ್ಟ ಬಂದಿತ್ತು ಅಂತ."

ಚಹಾದ ವಿಷಯ ನನಗೆ ಒಂದಿಷ್ಟೂ ನೆನಪಿರಲಿಲ್ಲ. ಪಾಟಿಯ ಮೇಲೆ ಏನಾದರೂ ಬರೆದು ತೋರಿಸಿದ್ದೆನೇ ಎಂದು ಕೇಳಿದೆ.

"ಏನೋ ಗೀಚಿದ್ರಿ. ಹಾವು ಹರದಂಗ."

ಅಷ್ಟು ಸಾಕಾಗಿತ್ತು. ಅವನೇ ಒಲೆ ಹೊತ್ತಿಸಿ ಚಹಾಕ್ಕಿಟ್ಟ. ನೀರು ಕುದಿಯುವಷ್ಟರಲ್ಲಿ ಕೇಳಿದೆ: "ಕಮಲಾ ಸಿಕ್ಕಿದ್ದಳು. ನಿನಗ ರಾತ್ರಿ ಪಾಳಿ ಸೇರತೈತಂತ?"

"ಹಂಗಂದ್ಲೇನು?" ಬಸಪ್ಪ ಕಪ್ಪು ತೊಳೆಯುತ್ತ ಬೆನ್ನು ತಿರುಗಿಸಿಯೇ ಇದ್ದ. "ಸಣ್ಣಾಕಿ ಈಗ ಹತ್ತನೇ ಇಯತ್ತೆ ಅದಾಳ್ರಿ. ಅಕಿ ಹಿಂದ ಸಣ್ಣಾವ ಅದಾನ, ಅಂವ ಇನ್ನೂ ಆರನೇ ಇಯತ್ತೆ. ಬಲ್ಬು ಇನ್ನೂ ಒಂದ ಐತಿ."

ಅವನು ಚಹಾ ಸೋಸಿ ಕಪ್ಪು-ಬಸಿಯಲ್ಲಿ ನನ್ನ ಮುಂದಿಟ್ಟ. ತಾನು ಹೊಸಿಲ ಮೇಲೆ ಕುಳಿತ.

"ಕುಡೀರಿ. ಸಾಲ್ಯಾಗ ಏನೂ ಹೇಳಬ್ಯಾಡ್ರಿ ಮತ್ತ. ಹುಡುಗೂರು ಒಮ್ಮೆ ಕೇಳಿದ್ವು, ಯಾಕಪಾ ದಿನಾ ರಾತ್ರೀನ ಹೋಗತಿ ಅಂತ. ನನಗ ಅದ ಸೇರತೈತಿ ಅಂತ ಹೇಳೇನಿ."